ಪಾಯಸದಂಥ ಬಿಯರು, ಕುಸಿಯುವ ಸಕ್ಕರೆ

'ಅಲ್ಲ ಕಣೋ, ಸಿಹಿ ಕುಡಿದರೆ ಸಕ್ಕರೆ ಏರಬೇಕು ತಾನೆ? ಇಳಿಯೋದು ಹೇಗೆ?'

ಅಮೆರಿಕದ ನ್ಯೂಜೆರ್ಸಿಯ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದ ಹೊರಗೆ ಕುಳಿತು, ನವೆಂಬರಿನ ಒಂದು ಬೆಳಗಿನ ಜಾವ ನನ್ನ ಅಕ್ಕ ಕೇಳಿದ ಪ್ರಶ್ನೆ ಇದು. ಒಳಗೆ ಮಲಗಿದ್ದವರು ನಮ್ಮ ಭಾವ. ವಯಸ್ಸು 61. ಹನ್ನೆರಡು ವರ್ಷಗಳಿಂದ ಮಧುಮೇಹ. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಕೂಡಿದ ಮಾತ್ರೆಯನ್ನು ದಿನಕ್ಕೆರಡು ಸಲ ಊಟಕ್ಕೆ ಮುಂಚೆ ತೆಗೆದುಕೊಳ್ಳುವವರು. ಅಕ್ಕನ ಪ್ರಶ್ನೆ ನಿಮ್ಮಲ್ಲಿ ಹಲವರದೂ ಆಗಿರಬಹುದಾದ್ದರಿಂದ ಆ ರಾತ್ರಿಯ ಕತೆಯನ್ನು ಇಲ್ಲಿ ಹೇಳುತ್ತಿದ್ದೇನೆ. ಅದರಲ್ಲಿ ನನ್ನ ತಪ್ಪೂ ಇದೆ.

ತಮ್ಮನ ಹೊಸ ಮನೆಯ ಗೃಹಪ್ರವೇಶಕ್ಕೆಂದು ನಾವೆಲ್ಲ ಅಲ್ಲಿಗೆ ಹೋಗಿದ್ದೆವು. ಶನಿವಾರ ಸಂಜೆ, ಹೊರಗೆ ಕೊರೆಯುವ ಚಳಿ. ತಮ್ಮ ಫ್ರಿಜ್ಜಿನಿಂದ ನಾಲ್ಕು ಡಬ್ಬಿ ತೆಗೆದಿಟ್ಟು, 'ಇದನ್ನ ಬಿಯರ್ ಅಂದ್ಕೋಬೇಡಿ ಭಾವ, ಊಟ ಆದಮೇಲೆ ತಿನ್ನೋ ಸಿಹಿ ಇದ್ದ ಹಾಗೆ' ಎಂದ. ಡಬ್ಬಿಯ ಮೇಲೆ ಚಾಕೊಲೇಟ್ ಕೇಕಿನ ಚಿತ್ರ. ಕೊಬ್ಬರಿ, ವೆನಿಲ್ಲಾ, ಕೋಕೋ ಸೇರಿಸಲಾಗಿದೆ ಎಂಬ ಒಕ್ಕಣೆ. ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಶೇಕಡಾ 12 ಎಂದಿತ್ತು. ಅದನ್ನು ನಾನು ಓದಿದ್ದು ಮಾರನೆಯ ದಿನ!

ಹೊಟ್ಟೆ ಉಬ್ಬಿದ, ಬಾಯಿ ಕಿರಿದಾದ ಗಾಜಿನ ಲೋಟಕ್ಕೆ ಸುರಿದಾಗ ಅದು ನಮ್ಮ ಕಾಫಿ ಡಿಕಾಕ್ಷನ್ನಿಗಿಂತ ಕಪ್ಪಗೆ, ಎಣ್ಣೆಯಂತೆ ಮಂದವಾಗಿ ಇಳಿಯಿತು. ಮೇಲೆ ಕಂದು ಬಣ್ಣದ ನೊರೆ. ಮೂಗಿನ ಹತ್ತಿರ ತಂದರೆ ಹುರಿದ ಕಾಫಿ ಬೀಜ, ಕೊಬ್ಬರಿ ಮಿಠಾಯಿಯ ವಾಸನೆ. ಅದರ ಹಿಂದೆಯೇ ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಕೊಂಚ ತಳ ಹಿಡಿದಾಗ ಬರುವಂಥದೇ ಒಂದು ಘಮ. ನಾನು ಎರಡು ಗುಟುಕು ರುಚಿ ನೋಡಿದೆ. ಸುಳ್ಳೇಕೆ ಹೇಳಲಿ, ಚೆನ್ನಾಗಿತ್ತು. ಮೊದಲು ಸಿಹಿ, ಆಮೇಲೆ ಹುರಿದ ಕಹಿ, ನುಂಗಿದ ಮೇಲೆ ಎದೆಯಲ್ಲಿ ಸ್ವಲ್ಪ ಬಿಸಿ. ಆ ಬಿಸಿಯೇ ಅದರೊಳಗಿನ ಮದ್ಯಸಾರದ ಗುರುತು. ಆದರೆ ಸಿಹಿ ಮತ್ತು ತಣ್ಣಗಿನ ಹದ ಎರಡೂ ಸೇರಿ ಆ ಗುರುತನ್ನು ಮರೆಮಾಡುತ್ತವೆ.

'ಇದು ಪಾಯಸ ಕಣಯ್ಯ, ಇದರಲ್ಲೇನಿದೆ!' ಎನ್ನುತ್ತ ಭಾವ ಒಂದು ಇಡೀ ಡಬ್ಬಿ, ಎಂದರೆ 355 ಮಿಲಿ ಲೀಟರ್, ಮುಗಿಸಿದರು. ಊಟಕ್ಕೆ ಕರೆದಾಗ 'ಬೇಡಪ್ಪ, ಇಷ್ಟು ಸಿಹಿ ಕುಡಿದಿದ್ದೇನೆ, ಊಟವೂ ಮಾಡಿದರೆ ಶುಗರ್ ಏರುತ್ತೆ' ಎಂದು ರಾತ್ರಿಯ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿ ಮಲಗಲು ಹೋದರು. ವೈದ್ಯನಾದ ನಾನು ಎದುರಿಗೇ ಕುಳಿತಿದ್ದೆ. 'ಒಳ್ಳೆಯ ಯೋಚನೆ' ಎಂದು ತಲೆಯನ್ನೂ ಆಡಿಸಿದೆ!

ಏನಿದು ಸ್ಟೌಟ್?

ಸ್ಟೌಟ್ ಎಂಬುದು ಬಿಯರಿನದೇ ಒಂದು ಜಾತಿ. 18ನೇ ಶತಮಾನದ ಲಂಡನ್ನಿನಲ್ಲಿ ಹೊರೆ ಹೊರುವ ಕೂಲಿಗಳಿಗೆ ಪ್ರಿಯವಾಗಿದ್ದ 'ಪೋರ್ಟರ್' ಎಂಬ ಕಪ್ಪು ಬಿಯರಿನಲ್ಲಿ ಹೆಚ್ಚು ಗಟ್ಟಿಯಾದ ಬಗೆಗೆ ಈ ಹೆಸರು ಬಂತು. ಕಾಫಿ ಬೀಜದಂತೆ ಕಪ್ಪಗೆ ಹುರಿದ ಬಾರ್ಲಿಯೇ ಇದರ ಬಣ್ಣಕ್ಕೂ ಕಹಿಗೂ ಕಾರಣ. ಲಂಡನ್ನಿನ ಥ್ರೇಲ್ ಬ್ರೂಯರಿಯಿಂದ ರಷ್ಯಾದ ಸಾಮ್ರಾಜ್ಞಿ ಕ್ಯಾಥರೀನಳ ಆಸ್ಥಾನಕ್ಕೆ ಹೋಗುತ್ತಿದ್ದಂಥ ತೀವ್ರವಾದ ಬಗೆಗೆ ಮುಂದೆ 'ಇಂಪೀರಿಯಲ್ ಸ್ಟೌಟ್' ಎಂಬ ಹೆಸರು ನಿಂತಿತು.

ಸಿಹಿಯ ಕತೆ ಬೇರೆ. 20ನೇ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ಮ್ಯಾಕೆಸನ್ ಕಂಪನಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಸ್ಟೌಟಿಗೆ ಬೆರೆಸಿತು. ಬಿಯರಿನ ಯೀಸ್ಟ್ ಈ ಸಕ್ಕರೆಯನ್ನು ಹುದುಗಿಸಲಾರದು. ಹಾಗಾಗಿ ಸಿಹಿ ಹಾಗೆಯೇ ಉಳಿಯುತ್ತದೆ. ಈ 'ಮಿಲ್ಕ್ ಸ್ಟೌಟ್' ಬಾಣಂತಿಯರಿಗೂ ಕಾಯಿಲೆಯಿಂದ ಎದ್ದವರಿಗೂ ಒಳ್ಳೆಯ ಟಾನಿಕ್ ಎಂಬ ನಂಬಿಕೆ ಅಲ್ಲಿ ಬೆಳೆಯಿತು. ಐರ್ಲೆಂಡಿನ ಗಿನ್ನಿಸ್ ಕಂಪನಿಯಂತೂ ತನ್ನ ಸ್ಟೌಟ್ 'ನಿಮಗೆ ಒಳ್ಳೆಯದು' ಎಂದು 1929ರಿಂದ ಜಾಹೀರಾತನ್ನೇ ಕೊಟ್ಟಿತು. ನಮ್ಮಲ್ಲಿ ಕೆಲವು ಮನೆಗಳಲ್ಲಿ ಬಾಣಂತಿಗೆ ಬ್ರಾಂಡಿ ಕೊಡುವುದಿಲ್ಲವೆ, ಹಾಗೆ. ಸ್ಟೌಟಿನಲ್ಲಿರುವ ಕಬ್ಬಿಣದ ಅಂಶ ತೀರ ನಗಣ್ಯ. ತಾಯಿ ಕುಡಿದ ಮದ್ಯಸಾರ ಮಾತ್ರ ಎದೆಹಾಲಿಗೂ ಇಳಿಯುತ್ತದೆ.

1990ರ ದಶಕದಲ್ಲಿ ಷಿಕಾಗೊದ ಗೂಸ್ ಐಲೆಂಡ್ ಬ್ರೂಯರಿ ಇಂಪೀರಿಯಲ್ ಸ್ಟೌಟನ್ನು ವಿಸ್ಕಿ ತುಂಬಿಟ್ಟಿದ್ದ ಮರದ ಪೀಪಾಯಿಗಳಲ್ಲಿ ಹಣ್ಣು ಮಾಡಿ ಹೊಸ ರುಚಿ ತೋರಿಸಿತು. ಅಲ್ಲಿಂದ ಮುಂದೆ ಅಮೆರಿಕದ ಸಣ್ಣ ಬ್ರೂಯರಿಗಳು ವೆನಿಲ್ಲಾ, ಕೊಬ್ಬರಿ, ದಾಲ್ಚಿನ್ನಿ, ಕಡಲೆಕಾಯಿ ಬೆಣ್ಣೆ ಎಂದು ಒಂದೊಂದನ್ನೇ ಸೇರಿಸುತ್ತ ಹೋದವು. ಇಂಥವಕ್ಕೆ 2010ರ ದಶಕದಲ್ಲಿ 'ಪೇಸ್ಟ್ರಿ ಸ್ಟೌಟ್' ಎಂಬ ಹೆಸರು ಬಿತ್ತು. ಮದ್ಯಸಾರ ಶೇ. 10ರಿಂದ 14 ಇರುವುದು ಇವುಗಳಲ್ಲಿ ಸಾಮಾನ್ಯ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ಬಿಯರಿನಲ್ಲಿ ಇದು ಶೇ. 8ನ್ನು ಮೀರುವಂತಿಲ್ಲ. ಬೆಂಗಳೂರಿನ ಮೈಕ್ರೋಬ್ರೂಯರಿಗಳಲ್ಲಿ ಸಿಗುವ ಸ್ಟೌಟಿನ ಅಂದಾಜಿನಲ್ಲಿ ವಿದೇಶದ ಡಬ್ಬಿ ತೆರೆದರೆ ಲೆಕ್ಕ ತಪ್ಪುವುದು ಇಲ್ಲಿಯೇ.

ಲೋಟ ಬೇಡ, ಗ್ರಾಮ್ ಎಣಿಸಿ

ಲೆಕ್ಕ ಸುಲಭ. ಮಿಲಿ ಲೀಟರನ್ನು ಶೇಕಡಾ ಅಂಕಿಯಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು 0.8ರಿಂದ ಗುಣಿಸಿ. ಮದ್ಯಸಾರ ಎಷ್ಟು ಗ್ರಾಮ್ ಎಂಬುದು ಸಿಗುತ್ತದೆ. ಶೇ. 5ರ ಬಿಯರಿನ 650 ಮಿಲಿ ಲೀಟರಿನ ದೊಡ್ಡ ಬಾಟಲಿಯಲ್ಲಿ 26 ಗ್ರಾಮ್. 30 ಮಿಲಿ ಲೀಟರಿನ ಒಂದು ಸಣ್ಣ ಪೆಗ್ ವಿಸ್ಕಿಯಲ್ಲಿ ಸುಮಾರು 10 ಗ್ರಾಮ್. ಭಾವ ಕುಡಿದ ಒಂದು ಡಬ್ಬಿಯಲ್ಲಿ 34 ಗ್ರಾಮ್! 'ಪಾಯಸ' ಎಂದುಕೊಂಡು ಅವರು ಮೂರು ಪೆಗ್‌ಗಿಂತ ಹೆಚ್ಚು ವಿಸ್ಕಿಗೆ ಸಮನಾದುದನ್ನು ಕುಡಿದಿದ್ದರು. ಮದ್ಯಸಾರವೊಂದರಿಂದಲೇ ಸುಮಾರು 240 ಕ್ಯಾಲೊರಿ, ಸಿಹಿಯದು ಬೇರೆ. ಸಾಮಾನ್ಯವಾಗಿ ನಮ್ಮ ದೇಹ ಗಂಟೆಗೆ 7ರಿಂದ 10 ಗ್ರಾಮ್ ಮದ್ಯಸಾರವನ್ನಷ್ಟೇ ಕರಗಿಸಬಲ್ಲದು. ಕಾಫಿ ಕುಡಿದರೂ ತಣ್ಣೀರು ಸ್ನಾನ ಮಾಡಿದರೂ ಈ ವೇಗ ಹೆಚ್ಚುವುದಿಲ್ಲ.

ಸಕ್ಕರೆ ಕುಸಿದದ್ದು ಏಕೆ?

ಈಗ ಅಕ್ಕನ ಪ್ರಶ್ನೆಗೆ ಬರೋಣ. ಸಿಹಿ ಬಿಯರು ಕುಡಿದ ಕೂಡಲೇ ರಕ್ತದ ಸಕ್ಕರೆ ಏರುವುದು ನಿಜ. ಆದರೆ ಅದು ಒಂದೆರಡು ಗಂಟೆಯ ಮಾತು. ನಾವು ಮಲಗಿರುವಾಗ ರಕ್ತಕ್ಕೆ ಸಕ್ಕರೆ ಒದಗಿಸುವ ಕೆಲಸ ಯಕೃತ್ತಿನದು, ಎಂದರೆ ಲಿವರಿನದು. ಮನೆಯ ಕಣಜದಂತೆ ಅದು ಕೂಡಿಟ್ಟ ಸಕ್ಕರೆಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಕಣಜ ಬರಿದಾದರೆ ಹೊಸದಾಗಿ ತಯಾರಿಸುತ್ತದೆ. ಮದ್ಯಸಾರ ಬಂದಾಗ ಲಿವರ್ ಮೊದಲು ಅದನ್ನು ಕರಗಿಸಲು ತೊಡಗುತ್ತದೆ. ಹೊಸ ಸಕ್ಕರೆ ತಯಾರಿಸುವ ಕೆಲಸಕ್ಕೆ ಅಡ್ಡಿಯಾಗುತ್ತದೆ. ಇತ್ತ ಗ್ಲಿಮೆಪಿರೈಡ್ ಮಾತ್ರೆ, ಊಟ ಮಾಡಿದ್ದೀರೋ ಇಲ್ಲವೋ ಎಂದು ನೋಡದೆ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಊಟವಿಲ್ಲ, ಲಿವರಿನಿಂದ ಸರಬರಾಜಿಲ್ಲ, ಇನ್ಸುಲಿನ್ ಮಾತ್ರ ಇದೆ. ಸಕ್ಕರೆ ಕುಸಿಯದೆ ಇನ್ನೇನಾದೀತು? ಇದು ಕುಡಿದು ಹಲವು ಗಂಟೆಗಳ ನಂತರ, ಮಾರನೆಯ ಬೆಳಿಗ್ಗೆಯೂ ಆಗಬಹುದು.

ಅಮಲೋ? ಸಕ್ಕರೆಯ ಕೊರತೆಯೋ?

ರಾತ್ರಿ ಎರಡೂವರೆಗೆ ಅಕ್ಕ ಬಾಗಿಲು ತಟ್ಟಿದಳು. ಭಾವ ಬೆವರಿನಿಂದ ತೊಯ್ದುಹೋಗಿದ್ದರು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು, ಬಾಯಲ್ಲಿ ಬಿಯರಿನ ವಾಸನೆ. 'ಜಾಸ್ತಿ ಆಗಿದೆ, ಮಲಗಲಿ ಬಿಡಿ, ಬೆಳಿಗ್ಗೆ ಸರಿಹೋಗ್ತಾರೆ' ಎಂದ ತಮ್ಮ. ಓದುಗರೇ, ಎಲ್ಲಕ್ಕಿಂತ ಅಪಾಯದ ಮಾತು ಇದೇ. ಸಕ್ಕರೆ ಕುಸಿದವರೂ ಅಮಲೇರಿದವರೂ ನೋಡಲು ಒಂದೇ ಥರ ಇರುತ್ತಾರೆ. ಮಲಗಲು ಬಿಟ್ಟರೆ ಪ್ರಜ್ಞೆ ತಪ್ಪಬಹುದು, ಫಿಟ್ಸ್ ಬರಬಹುದು, ಮಿದುಳಿಗೆ ಹಾನಿಯಾಗಬಹುದು, ಪ್ರಾಣವೇ ಹೋಗಬಹುದು.

ಗ್ಲುಕೋಮೀಟರ್ 46 ತೋರಿಸಿತು. ಅದು 70ಕ್ಕಿಂತ ಕೆಳಗಿಳಿದರೇ ಎಚ್ಚರ ವಹಿಸಬೇಕು. ಪುಣ್ಯಕ್ಕೆ ಅವರಿಗೆ ನುಂಗುವಷ್ಟು ಎಚ್ಚರವಿತ್ತು. ಮೂರು ಚಮಚ ಸಕ್ಕರೆ ಬೆರೆಸಿದ ನೀರು ಕುಡಿಸಿದೆವು. ಹದಿನೈದು ನಿಮಿಷ ಬಿಟ್ಟು ನೋಡಿದರೆ 64. ಇನ್ನೊಮ್ಮೆ ಕುಡಿಸಿ, ಮೇಲೆ ಮೊಸರನ್ನ ತಿನ್ನಿಸಿದೆವು. ಗ್ಲಿಮೆಪಿರೈಡ್‌ನಂಥ ಮಾತ್ರೆಯಿಂದ ಇಳಿದ ಸಕ್ಕರೆ ಮತ್ತೆ ಮತ್ತೆ ಇಳಿಯುವುದುಂಟು. ಆದ್ದರಿಂದ ಆಸ್ಪತ್ರೆಗೂ ಕರೆದೊಯ್ದೆವು. ಅಲ್ಲಿ ಗ್ಲೂಕೋಸ್ ಡ್ರಿಪ್ ಕೊಟ್ಟು ಸಂಜೆಯವರೆಗೆ ಇಟ್ಟುಕೊಂಡರು.

ನೆನಪಿನಲ್ಲಿಡಿ

* ಮಧುಮೇಹಿಗಳಿಗೆ ಮದ್ಯ ಬೇಡ ಎಂಬುದೇ ನನ್ನ ಸಲಹೆ. ಆದರೂ ಕುಡಿದಿರಾದರೆ ಊಟ ಬಿಡಬೇಡಿ. ಮಲಗುವ ಮುನ್ನ ಸಕ್ಕರೆ ಪರೀಕ್ಷಿಸಿ. ಮಾತ್ರೆ, ಇನ್ಸುಲಿನ್ನಿನ ಪ್ರಮಾಣದ ಬಗ್ಗೆ ಮೊದಲೇ ನಿಮ್ಮ ವೈದ್ಯರನ್ನು ಕೇಳಿಟ್ಟುಕೊಳ್ಳಿ. ಜೊತೆಯಲ್ಲಿರುವವರಿಗೆ ನಿಮ್ಮ ಕಾಯಿಲೆ ಗೊತ್ತಿರಲಿ.

* ಪ್ರಜ್ಞೆ ತಪ್ಪಿದವರ ಬಾಯಿಗೆ ನೀರನ್ನೂ ಸಕ್ಕರೆಯನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ ಕೂಡಲೇ ಆಂಬುಲೆನ್ಸ್ ಕರೆಯಿರಿ. ನಮ್ಮಲ್ಲಿ 108, ಅಮೆರಿಕದಲ್ಲಿ 911.

* ಹಾಲು ಒಗ್ಗದವರಿಗೆ ಲ್ಯಾಕ್ಟೋಸ್ ಇರುವ ಸ್ಟೌಟಿನಿಂದ ಹೊಟ್ಟೆಯುಬ್ಬರ, ಭೇದಿ ಆಗಬಹುದು. ಕಡಲೆಕಾಯಿ, ಗೋಡಂಬಿಯಂಥವುಗಳ ಅಲರ್ಜಿ ಇದ್ದವರು ಡಬ್ಬಿಯ ಮೇಲಿನ ಪಟ್ಟಿಯನ್ನು ಪೂರ್ತಿ ಓದಬೇಕು.

* ಗರ್ಭಿಣಿಯರು, ಲಿವರ್ ಕಾಯಿಲೆಯವರು, ನಿದ್ರೆ ಮಾತ್ರೆ ಅಥವಾ ಫಿಟ್ಸ್ ಮಾತ್ರೆ ನುಂಗುವವರು ರುಚಿಗೂ ಮುಟ್ಟಬಾರದು. ಕುಡಿದ ಮೇಲೆ ಯಾರೂ ವಾಹನ ಓಡಿಸಬಾರದು.

'ಹಾಗಾದರೆ ಆರೋಗ್ಯವಂತರು ಎಷ್ಟು ಕುಡಿಯಬಹುದು?' ಎಂದು ಕೇಳುವವರಿದ್ದಾರೆ. ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ 1988ರಲ್ಲೇ ಸೇರಿಸಲಾಗಿದೆ. ಆರೋಗ್ಯಕ್ಕೆ ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ರುಚಿ ನೋಡಲೇಬೇಕೆನ್ನುವವರು ಊಟದ ಜೊತೆಗೆ, ಒಂದು ಡಬ್ಬಿಯನ್ನು ನಾಲ್ಕೈದು ಜನ ಹಂಚಿಕೊಂಡು ಗುಟುಕರಿಸಲಿ. ಇಂಥ ಗಟ್ಟಿ ಸ್ಟೌಟನ್ನು ಬಲ್ಲವರು ರುಚಿ ನೋಡುವುದೂ ಹಾಗೆಯೇ, ಸಣ್ಣ ಲೋಟದಲ್ಲಿ.

ಭಾವ ಈಗ ಆರೋಗ್ಯವಾಗಿದ್ದಾರೆ. ಮೊನ್ನೆ ಹಬ್ಬಕ್ಕೆ ಅವರ ಮನೆಗೆ ಹೋಗಿದ್ದೆ. ಎಲೆಯ ಮುಂದೆ ಕುಳಿತವರು, 'ಏನಯ್ಯಾ ಡಾಕ್ಟರೇ, ಊಟ ಮಾಡಲೋ ಬಿಡಲೋ?' ಎಂದು ನನ್ನನ್ನು ಛೇಡಿಸಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ರಾತ್ರಿ ನಾನು 'ಒಳ್ಳೆಯ ಯೋಚನೆ' ಎನ್ನುವ ಬದಲು 'ಎರಡು ತುತ್ತಾದರೂ ಊಟ ಮಾಡಿ, ಭಾವ' ಎಂದಿದ್ದರೆ ಸಾಕಿತ್ತು. ನಿಮ್ಮ ಮನೆಯಲ್ಲಿ ಅಂಥ ಸಂದರ್ಭ ಬಂದರೆ ಆ ಮಾತನ್ನು ನೀವು ಮರೆಯದೆ ಹೇಳಿ.