ಒಂದು ಡಿಸ್ಕ್, ಎರಡು ಒಕ್ಕಲು

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸನ್ನೂ ಲಿನಕ್ಸನ್ನೂ ಇಟ್ಟುಕೊಳ್ಳಬಯಸುವವರು ಮೊದಲು ಯೋಚಿಸುವುದು ಯಾವುದಕ್ಕೆ ಎಷ್ಟು ಜಾಗ ಕೊಡಬೇಕೆಂಬುದನ್ನು; ಅದು ಅರ್ಧ ಗಂಟೆಯಲ್ಲಿ ಮುಗಿಯುವ ಲೆಕ್ಕಾಚಾರ. ಎರಡೂ ವ್ಯವಸ್ಥೆಗಳಿಗೆ ಬೇಕಾಗುವ ಪತ್ರ, ಚಿತ್ರ, ಹಾಡುಗಳನ್ನು ಎಲ್ಲಿಡಬೇಕು, ಯಾವ ಪದ್ಧತಿಯಲ್ಲಿ ಬರೆದಿಟ್ಟರೆ ಒಂದರ ಬರಹ ಇನ್ನೊಂದಕ್ಕೆ ಓದಲು ಬರುತ್ತದೆ ಎಂಬುದೇ ತೊಡಕಿನ ವಿಷಯ. ಕನ್ನಡದ ಪುಸ್ತಕೋದ್ಯಮಕ್ಕೂ ಇದು ದೂರದ ಮಾತಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅಕ್ಷರ ಜೋಡಿಸಿದ ಪುಸ್ತಕಗಳನ್ನು ತೆರೆಯಲು ವಿಂಡೋಸ್ ಬೇಕಾಗಿ, ಉಳಿದ ಕೆಲಸಕ್ಕೆ ಲಿನಕ್ಸನ್ನು ಮೆಚ್ಚಿದವರು ಎರಡನ್ನೂ ಸಾಕಬೇಕಾಗುತ್ತದೆ.

ಹಾರ್ಡ್ ಡಿಸ್ಕನ್ನು ಭಾಗ ಮಾಡುವುದಕ್ಕೆ ಪಾರ್ಟಿಷನ್ ಎನ್ನುತ್ತಾರೆ. ಹೊಲಕ್ಕೆ ಪೋಡಿ ಮಾಡಿದಾಗ ಕಲ್ಲು ನೆಟ್ಟು ಪಹಣಿಯಲ್ಲಿ ಹಿಸ್ಸೆ ನಮೂದಿಸುವಂತೆ, ಇಲ್ಲಿಯೂ ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಡಿಸ್ಕಿನ ಆರಂಭದಲ್ಲಿರುವ ಒಂದು ಪಟ್ಟಿಯಲ್ಲಿ ದಾಖಲಾಗುತ್ತದೆ. ಪಹಣಿ ತಿದ್ದಿದ ಮಾತ್ರಕ್ಕೆ ಹೊಲದ ಬೆಳೆ ಮಾಯವಾಗುವುದಿಲ್ಲ. ಹಾಗೆಯೇ ಈ ಪಟ್ಟಿಯಲ್ಲಿ ಒಂದು ಭಾಗವನ್ನು ಅಳಿಸಿದರೂ ಅದರೊಳಗಿನ ಮಾಹಿತಿ, ಮೇಲೆ ಬೇರೇನನ್ನೂ ಬರೆಯದಿದ್ದರೆ, ಹೆಚ್ಚಾಗಿ ಇದ್ದಲ್ಲಿಯೇ ಇರುತ್ತದೆ. ತಪ್ಪಾಗಿ ಭಾಗ ಅಳಿಸಿದವರು ಆ ಡಿಸ್ಕನ್ನು ಮತ್ತೆ ಮುಟ್ಟದೆ ಬಿಡಬೇಕೆಂಬ ಸಲಹೆಗೆ ಇದೇ ಕಾರಣ.

ಐಬಿಎಂ ಸಂಸ್ಥೆ 1983ರಲ್ಲಿ 10 ಮೆಗಾಬೈಟ್ ಡಿಸ್ಕಿನ ಪಿಸಿ ಎಕ್ಸ್‌ಟಿಯನ್ನು ತಂದಾಗ ಜೊತೆಗೆ ಬಂದ ಡಾಸ್ 2.0 ಈ ಏರ್ಪಾಡನ್ನು ರೂಢಿಗೆ ತಂದಿತು. ಡಾಸ್ ಅಲ್ಲದ ಬೇರೆ ವ್ಯವಸ್ಥೆಗಳೂ ಅದೇ ಡಿಸ್ಕಿನಲ್ಲಿ ನೆಲೆಸಲೆಂಬುದೇ ಆಗಿನ ಉದ್ದೇಶಗಳಲ್ಲೊಂದಾಗಿತ್ತು. ಎಂದರೆ ಇಬ್ಬರು ಒಕ್ಕಲುಗಳ ಆಲೋಚನೆ ಪಾರ್ಟಿಷನ್ನಿನಷ್ಟೇ ಹಳೆಯದು. ಎಂಬಿಆರ್ ಎಂದು ಕರೆಯುವ ಆ ಮೊದಲ 512 ಬೈಟುಗಳಲ್ಲಿ ತಲಾ 16 ಬೈಟಿನ ನಾಲ್ಕೇ ನಮೂದುಗಳಿಗೆ ಸ್ಥಳವಿತ್ತು, ಮತ್ತು ಸ್ಥಾನಸಂಖ್ಯೆಗೆ 32 ಬಿಟ್‌ಗಳನ್ನಷ್ಟೇ ಮೀಸಲಿಟ್ಟದ್ದರಿಂದ ಸುಮಾರು 2 ಟೆರಾಬೈಟ್‌ಗಿಂತ ದೊಡ್ಡ ಡಿಸ್ಕಿನ ಆಚೆಯ ಭಾಗ ಅದರ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಈಗಿನ ಕಂಪ್ಯೂಟರುಗಳು ಬಳಸುವ ಜಿಪಿಟಿ ಎಂಬ ಪಟ್ಟಿಯಲ್ಲಿ ಸಾಮಾನ್ಯವಾಗಿ 128 ಭಾಗಗಳಿಗೆ ಅವಕಾಶವಿದ್ದು, ಅದರ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿಯೂ ಇರುತ್ತದೆ.

ಭಾಗ ಮಾಡಿದ ಮೇಲೆ ಅದರೊಳಗೆ ಕಡತಗಳನ್ನು ಜೋಡಿಸುವ ಕ್ರಮವೊಂದು ಬೇಕು. ಅದೇ ಫೈಲ್ ಸಿಸ್ಟಂ. ವಿಂಡೋಸ್ ತನ್ನ ಮನೆಗೆ 1993ರಿಂದ ಬಳಕೆಯಲ್ಲಿರುವ ಎನ್‌ಟಿಎಫ್‌ಎಸ್ ಕ್ರಮವನ್ನು ಬಳಸಿದರೆ, ಉಬುಂಟುವಿನಂತಹ ಲಿನಕ್ಸ್‌ಗಳು 2008ರಲ್ಲಿ ಸಿದ್ಧವಾದ ಎಕ್ಸ್ಟ್4 ಅನ್ನು ಬಳಸುತ್ತವೆ. ಲಿನಕ್ಸಿಗೆ ಎನ್‌ಟಿಎಫ್‌ಎಸ್ ಓದಲೂ ಬರೆಯಲೂ ಬರುತ್ತದೆ, ಆದರೆ ವಿಂಡೋಸಿಗೆ ಎಕ್ಸ್ಟ್4 ತಾನಾಗಿ ಅರ್ಥವಾಗುವುದಿಲ್ಲ. ಅರ್ಥವಾಗದ ಭಾಗ ಎದುರಾದಾಗ ಅದು ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳುವುದುಂಟು, ಆಗ ಅಭ್ಯಾಸಬಲದಿಂದ ಒಪ್ಪಿಗೆಯ ಗುಂಡಿ ಒತ್ತಿದವರು ಲಿನಕ್ಸನ್ನೇ ಕಳೆದುಕೊಳ್ಳುತ್ತಾರೆ. ಹಾಗಾಗಿ ಇಬ್ಬರಿಗೂ ಸೇರಿದ ಮೂರನೆಯ ಭಾಗ, ಊರಿನ ಗೋಮಾಳದಂಥದ್ದು, ವಿಂಡೋಸಿಗೆ ಅರ್ಥವಾಗುವ ಕ್ರಮದಲ್ಲಿಯೇ ಇರಬೇಕಾಗುತ್ತದೆ. ಹಳೆಯ ಫ್ಯಾಟ್32 ಎಲ್ಲರಿಗೂ ಗೊತ್ತು, ಆದರೆ 4 ಗಿಗಾಬೈಟ್ ಮುಟ್ಟಿದ ಒಂದೇ ಕಡತವನ್ನು ಅದು ಇಟ್ಟುಕೊಳ್ಳಲಾರದು. 2006ರ ಎಕ್ಸ್‌ಫ್ಯಾಟಿಗೆ ಆ ಮಿತಿಯಿಲ್ಲ. ಮೈಕ್ರೋಸಾಫ್ಟ್ 2019ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದ ಮೇಲೆ ಲಿನಕ್ಸ್ ತಿರುಳಿನೊಳಗೂ ಅದಕ್ಕೆ ಸ್ಥಾನ ಸಿಕ್ಕಿತು. ಆದರೂ ಎಕ್ಸ್‌ಫ್ಯಾಟ್‌ನಲ್ಲಿ ಜರ್ನಲ್ ಇಲ್ಲ. ಮಾಡಲಿರುವ ಬದಲಾವಣೆಯನ್ನು ಮೊದಲೇ ಬರೆದಿಟ್ಟುಕೊಳ್ಳುವ ದಿನಚರಿಯಂತಹ ಈ ಸೌಲಭ್ಯವಿಲ್ಲದೆ ನಡುವೆ ಕರೆಂಟ್ ಹೋದರೆ ರಿಪೇರಿ ಕಷ್ಟ. ಆದುದರಿಂದ ಪೆನ್ ಡ್ರೈವಿಗೆ ಎಕ್ಸ್‌ಫ್ಯಾಟ್, ಯಂತ್ರದೊಳಗಿನ ಹಂಚಿಕೆಯ ಭಾಗಕ್ಕೆ ಎನ್‌ಟಿಎಫ್‌ಎಸ್ ಎಂಬುದೇ ವಿವೇಕದ ಆಯ್ಕೆ ಎನ್ನಬಹುದು.

ಈ ಎನ್‌ಟಿಎಫ್‌ಎಸ್‌ಗೂ ಒಂದು ಗುಪ್ತ ಅಪಾಯವಿದೆ. 2012ರ ವಿಂಡೋಸ್ 8ರಿಂದ ಬಂದ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ, ಕಂಪ್ಯೂಟರನ್ನು ಆರಿಸಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ತನ್ನ ತಿರುಳಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಅಂಗಡಿಯ ಗುಮಾಸ್ತ ಲೆಕ್ಕದ ಪುಸ್ತಕವನ್ನು ತೆರೆದಿಟ್ಟೇ ಎದ್ದುಹೋದಂತೆ ಇದು. ಆ ಹೊತ್ತಿನಲ್ಲಿ ಬೇರೊಬ್ಬರು ಬಂದು ನಮೂದು ಮಾಡಿದರೆ, ಮರಳಿದ ಗುಮಾಸ್ತ ತನ್ನ ನೆನಪಿನಲ್ಲಿರುವ ಹಳೆಯ ಬಾಕಿಯ ಮೇಲೆಯೇ ಮುಂದುವರಿಯುತ್ತಾನೆ. ಆದ್ದರಿಂದಲೇ ಲಿನಕ್ಸ್ ಅಂತಹ ಭಾಗವನ್ನು ಓದಲಷ್ಟೇ ತೆರೆಯುತ್ತದೆ ಅಥವಾ ತೆರೆಯಲು ನಿರಾಕರಿಸುತ್ತದೆ, ಮತ್ತು ಬಳಕೆದಾರರು ಇದನ್ನು ಲಿನಕ್ಸಿನ ದೋಷವೆಂದು ತಪ್ಪಾಗಿ ತಿಳಿಯುತ್ತಾರೆ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಯ್ಕೆಗಳಲ್ಲಿ ಈ ಸೌಲಭ್ಯವನ್ನು ನಿಲ್ಲಿಸಿಬಿಡುವುದೇ ಇದಕ್ಕೆ ಮದ್ದು.

ಕೆಲಸದ ಕ್ರಮ ಇಷ್ಟೇ: ಮುಖ್ಯ ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ಬಿಟ್‌ಲಾಕರ್ ಗೂಢಲಿಪಿ ಇದ್ದರೆ ಅದರ ರಿಕವರಿ ಕೀಯನ್ನು ಬರೆದಿಟ್ಟುಕೊಂಡು, ವಿಂಡೋಸಿನದೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದ ಸಿ ಡ್ರೈವನ್ನು ಕುಗ್ಗಿಸಿ, ತೆರವಾದ ಜಾಗದಲ್ಲಿ ಲಿನಕ್ಸಿಗೊಂದು, ಹಂಚಿಕೆಗೊಂದು ಭಾಗ ಮಾಡಬೇಕು. 500 ಗಿಗಾಬೈಟ್ ಡಿಸ್ಕ್ ವಿಂಡೋಸಿನಲ್ಲಿ 465 ಎಂದು ಕಾಣುವುದು ಮೋಸವಲ್ಲ. ತಯಾರಕರು ಸಾವಿರದಿಂದಲೂ ವಿಂಡೋಸ್ 1024ರಿಂದಲೂ ಲೆಕ್ಕ ಹಾಕುವುದರ ಫಲ. ಅದರಲ್ಲಿ ವಿಂಡೋಸಿಗೆ 150, ಲಿನಕ್ಸಿಗೆ 60 ಕೊಟ್ಟು ಉಳಿದದ್ದನ್ನು ಹಂಚಿಕೆಗೆ ಬಿಟ್ಟರೆ ಸಾಧಾರಣ ಬಳಕೆಗೆ ಸಾಕು. ಎರಡೂ ವ್ಯವಸ್ಥೆಗಳ ಆರಂಭದ ತಂತ್ರಾಂಶ ನೆಲೆಸುವ ಇಎಫ್‌ಐ ಎಂಬ ಪುಟ್ಟ ಭಾಗವನ್ನು, ಅನೇಕ ವೇಳೆ 100 ಮೆಗಾಬೈಟ್‌ನಷ್ಟೇ ಇರುವ ಅದನ್ನು, ಖಾಲಿಯೆಂದು ಭಾವಿಸಿ ಅಳಿಸಿದರೆ ಕಂಪ್ಯೂಟರು ಯಾರ ಮನೆಯ ಬಾಗಿಲನ್ನೂ ತೆರೆಯದು. ಲಿನಕ್ಸಿನ ಹೋಮ್ ಫೋಲ್ಡರನ್ನು ಪೂರ್ತಿಯಾಗಿ ಹಂಚಿಕೆಯ ಭಾಗಕ್ಕೆ ಸಾಗಿಸುವುದೂ ಸಲ್ಲದು, ಏಕೆಂದರೆ ಯಾವ ಕಡತವನ್ನು ಯಾರು ಮುಟ್ಟಬಹುದೆಂಬ ಲಿನಕ್ಸಿನ ಅನುಮತಿಗಳು ಅಲ್ಲಿ ಸರಿಯಾಗಿ ಉಳಿಯುವುದಿಲ್ಲ.

ಜಾಗದ ಜಗಳ ತೀರಿದರೂ ಹೊತ್ತಿನ ಜಗಳ ಉಳಿದಿರುತ್ತದೆ. ಯಂತ್ರದೊಳಗಿನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯವೆಂದು ವಿಂಡೋಸ್ ನಂಬಿದರೆ, ಲಿನಕ್ಸ್ ಅದನ್ನು ಯುಟಿಸಿ ಎಂಬ ವಿಶ್ವಸಮಯವೆಂದು ಎಣಿಸುತ್ತದೆ; ಭಾರತದಲ್ಲಿ ಎರಡರ ಅಂತರ ಐದೂವರೆ ಗಂಟೆ. ಲಿನಕ್ಸ್ ಬಳಸಿ ಸಂಜೆ ನಾಲ್ಕಕ್ಕೆ ವಿಂಡೋಸಿಗೆ ಬಂದವರಿಗೆ ಗಡಿಯಾರ ಬೆಳಗಿನ ಹತ್ತೂವರೆ ತೋರಿಸುವುದೂ, ಆಗ ಉಳಿಸಿದ ಕಡತ ಹಂಚಿಕೆಯ ಭಾಗದಲ್ಲಿ ಮಧ್ಯಾಹ್ನದ ಕಡತಕ್ಕಿಂತ ಹಳೆಯದಾಗಿ ಕಾಣುವುದೂ ಇದರಿಂದಲೇ. ಯಂತ್ರದ ಗಡಿಯಾರವನ್ನು ಸ್ಥಳೀಯ ಸಮಯವೆಂದೇ ಓದುವಂತೆ ಲಿನಕ್ಸಿಗೆ ಒಂದು ಆಜ್ಞೆಯಿಂದ ತಿಳಿಸಿದರೆ ಎರಡೂ ಒಂದೇ ಹೊತ್ತನ್ನು ತೋರಿಸುತ್ತವೆ.