‘ನಮ್ಮ ಮನೆಗೆ ಬೆಕ್ಕು ಆಗಿಬರಲ್ಲ’ ಅನ್ನುವ ಮುನ್ನ

ನಮ್ಮದು ಮಳೆ ನಂಬಿದ ಬೇಸಾಯ. ವರ್ಷಕ್ಕೊಂದೇ ಬೆಳೆ. ಬಂದ ರಾಗಿ, ಬಿತ್ತನೆ ಶೇಂಗಾ ಎಲ್ಲ ಮುಂದಿನ ಮಳೆಯವರೆಗೆ ಮನೆಯಲ್ಲೇ ಇರಬೇಕು. ಇಲಿ ಕಾಯೋಕೆ ಬೆಕ್ಕು ಬೇಕೇ ಬೇಕು. ಆದರೆ ಎಮ್ಮೆಗೆ ಕಾಲುಬಾಯಿ ಲಸಿಕೆ ಹಾಕಿಸುವ ನಾವು ಬೆಕ್ಕಿನ ಲಸಿಕೆ ಅಂದರೆ ನಗುತ್ತೇವೆ.

‘ನಮ್ಮ ಮನೆಗೆ ಬೆಕ್ಕು ಆಗಿಬರಲ್ಲ, ತಂದ ಮರಿಯೆಲ್ಲ ಸಾಯ್ತಾವೆ’ ಅನ್ನೋ ಮಾತು ನಮ್ಮೂರಲ್ಲಿ ಬಹಳ ಕೇಳಿದ್ದೇನೆ. ಇದು ದೋಷವೂ ಅಲ್ಲ, ದೃಷ್ಟಿಯೂ ಅಲ್ಲ. ಹೀಗೆ ಸಾಲಾಗಿ ಮರಿ ಸತ್ತರೆ ಮೊದಲು ಅನುಮಾನಿಸಬೇಕಾದ್ದು ಬೆಕ್ಕಿನ ಪಾರ್ವೋ ರೋಗವನ್ನು. ಡಾಕ್ಟರು ಇದಕ್ಕೆ ಪ್ಯಾನ್‌ಲ್ಯುಕೋಪೀನಿಯಾ ಅಂತಾರೆ.

ಗುರುತು ಹೇಗೆ?

ಮರಿ ಮಂಕಾಗುತ್ತದೆ. ಜ್ವರ, ವಾಂತಿ, ಭೇದಿ. ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕೂರುತ್ತದೆ, ಕುಡಿಯಲ್ಲ. ವೈರಸ್ ಕರುಳನ್ನೂ ಮೂಳೆಯ ಮಜ್ಜೆಯನ್ನೂ ಕೆಡಿಸಿ ರಕ್ತದ ಬಿಳಿಕಣ ಇಳಿಸುತ್ತದೆ. ಲಸಿಕೆ ಇಲ್ಲದ ಮರಿ ಬದುಕುವುದು ಕಷ್ಟ. ವೈರಸ್ ಕೊಲ್ಲುವ ಔಷಧಿ ಇಲ್ಲ. ಬೇಗ ಡ್ರಿಪ್ ಹಾಕಿಸಿದರೆ ಕೆಲವು ಉಳಿಯುತ್ತವೆ.

ಇನ್ನೊಂದು ಮರಿ ಯಾಕೆ ಸಾಯುತ್ತೆ?

ಈ ವೈರಸ್ ನೆಲ, ಗೋಣಿಚೀಲ, ಬಟ್ಟಲಿನಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ನಮ್ಮ ಕೈ, ಚಪ್ಪಲಿಯಲ್ಲೂ ಬರುತ್ತದೆ. ಆದ್ದರಿಂದ ಸತ್ತ ಮರಿಯ ಗೋಣಿ, ಬಟ್ಟೆ ಸುಟ್ಟುಬಿಡಿ. ನೆಲದ ಗಲೀಜು ತೊಳೆದು, ಅಂಗಡಿಯ ಬ್ಲೀಚ್ ದ್ರಾವಣ ಒಂದು ಲೋಟಕ್ಕೆ ಮೂವತ್ತು ಲೋಟ ನೀರು ಬೆರೆಸಿ ಸುರಿದು, ಹತ್ತು ನಿಮಿಷ ಬಿಡಿ. ಫಿನಾಯಿಲ್ ಬೇಡ, ಅದು ಬೆಕ್ಕಿಗೆ ವಿಷ. ಹೊಸ ಮರಿಗೆ ಬೇರೆ ಕಡೆಯೇ ಲಸಿಕೆ ಮುಗಿಸಿ ಆಮೇಲೆ ಮನೆಗೆ ತನ್ನಿ.

ಲಸಿಕೆ ಯಾವಾಗ?

ಮೂರು ರೋಗಕ್ಕೆ ಸೇರಿ ಒಂದೇ ಚುಚ್ಚುಮದ್ದು ಇದೆ. ಪಾರ್ವೋ ಜೊತೆಗೆ ಹರ್ಪಿಸ್, ಕ್ಯಾಲಿಸಿ ವೈರಸ್‌ಗಳನ್ನೂ ತಡೆಯುತ್ತದೆ. ಸೀನು, ಕಣ್ಣಲ್ಲಿ ಪಿಸುರು, ಬಾಯಲ್ಲಿ ಹುಣ್ಣು ತರುವ ನೆಗಡಿ ಈ ಎರಡರದ್ದು. ಮರಿಗೆ ಎಂಟು ವಾರ ತುಂಬಿದಾಗ ಶುರು ಮಾಡಿ, ಮೂರು–ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಹಾಕಿಸಬೇಕು. ತಾಯಿಹಾಲಿನ ಶಕ್ತಿ ಮೊದಲ ಲಸಿಕೆಗೆ ಅಡ್ಡ ಬರಬಹುದು, ಅದಕ್ಕೇ ಒಂದೇ ಸಲ ಸಾಲದು. ವರ್ಷದ ನಂತರ ಮತ್ತೊಂದು. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿಲ್ಲದಿದ್ದರೆ ಪೇಟೆಯ ಡಾಕ್ಟರ ಹತ್ತಿರ ಹೋಗಿ.

ಮೂರು ತಿಂಗಳಿಗೆ ಹುಚ್ಚು ರೋಗದ ಲಸಿಕೆ ಬೇರೆ. ನಾಯಿಯಿಂದ ಮಾತ್ರ ಅಲ್ಲ, ಹುಚ್ಚು ಹಿಡಿದ ಬೆಕ್ಕು ಕಚ್ಚಿದರೂ ಮನುಷ್ಯನ ಪ್ರಾಣಕ್ಕೇ ಬರುತ್ತದೆ. ಬೆಕ್ಕು ಕಚ್ಚಿದರೆ, ಪರಚಿ ರಕ್ತ ಬಂದರೆ, ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಸುಣ್ಣ, ಕಾರದಪುಡಿ ಮೆತ್ತಬೇಡಿ.

ಕೊನೆಗೆ ಒಂದು ಮಾತು. ಜ್ವರ ಅಂತ ಬೆಕ್ಕಿಗೆ ಪ್ಯಾರಾಸಿಟಮಾಲ್ ಮಾತ್ರೆ ಕೊಡಬೇಡಿ. ಒಂದೇ ಮಾತ್ರೆ ಅದನ್ನು ಕೊಲ್ಲಬಹುದು.