ತುದಿ ಬಿಟ್ಟು ಕಡಿ

ಶಿರಸಿಯಿಂದ ಸಾಲ್ಕಣಿ ಸೀಮೆಗೆ ಹೊರಟ ಬೆಳಗಿನ ಬಸ್ಸು ನನ್ನನ್ನು ಇಳಿಸಿದ್ದು ಬೀಗ ಹಾಕಿದ ಒಂದು ಹಾಲಿನ ಡೇರಿಯ ಮುಂದೆ. ಸುತ್ತ ಮನೆಯೆಂಬುದು ಒಂದೂ ಕಾಣಲಿಲ್ಲ. ಈ ಕಡೆ ಊರೆಂದರೆ ಹಾಗೇ. ಕೂಗಳತೆಗೊಂದು ಮನೆ, ಮನೆಯ ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ಮನೆಯ ಹಿಂದೆ ಬೆಟ್ಟ. ಮರಗಳ ಮರೆಯಿಂದ ಸರಸರ ಸದ್ದೊಂದು ಬರುತ್ತಿತ್ತು. ಮಳೆಯೆನ್ನೋಣವೆಂದರೆ ಫೆಬ್ರವರಿಯ ಕೊನೆಯ ವಾರ. ಸದ್ದನ್ನೇ ಹಿಡಿದು ಏರು ಹತ್ತಿದರೆ ಇಬ್ಬರು ಹೆಂಗಸರು ಕಡ್ಡಿ ಪೊರಕೆಯಲ್ಲಿ ಒಣಗಿದ ಎಲೆ ಗುಡಿಸಿ ರಾಶಿ ಮಾಡುತ್ತಿದ್ದರು. ರಾಶಿಯ ಪಕ್ಕದಲ್ಲಿ ಹಗ್ಗದ ಬಲೆಯಂಥ ಕಲ್ಲಿ. ಅದರೊಳಗೆ ಎಲೆ ತುಂಬಿ, ಕಾಲಿನಿಂದ ಮೆಟ್ಟಿ, ಬಾಯಿ ಬಿಗಿದರೆ ಆಳೆತ್ತರದ ಉಂಡೆ. ಅದನ್ನು ತಲೆ ಮೇಲೆ ಹೊತ್ತು ಇಳಿದವರನ್ನು ಹಿಂದಿನಿಂದ ನೋಡಿದರೆ ಎಲೆಯ ಉಂಡೆಗೇ ಎರಡು ಕಾಲು ಬಂದಂತೆ.

ಒಣ ಎಲೆಗೆ ಇಲ್ಲಿ ದರಕು ಎನ್ನುತ್ತಾರೆ. ದರಕು ಕೊಟ್ಟಿಗೆಗೆ ಹೋಗುತ್ತದೆ, ದನದ ಕಾಲಡಿ ಸೆಗಣಿ ಗಂಜಲದಲ್ಲಿ ನೆನೆಯುತ್ತದೆ, ಗೊಬ್ಬರ ಗುಂಡಿಯಲ್ಲಿ ಕೊಳೆಯುತ್ತದೆ, ಕೊನೆಗೆ ಅಡಿಕೆ ಮರದ ಬುಡ ಸೇರುತ್ತದೆ. ಆ ದಾರಿಯ ತುದಿಮೊದಲೇ ಈ ಊರಿನ ಕಥೆ. ನಾನು ಹೋಗಿದ್ದೇನೋ ನೀರಿಂಗಿಸುವ ಕೆಲಸ ನೋಡಲು. ಬಂದದ್ದು ಮಾತ್ರ ಎಲೆಯ ವಿಷಯ ತುಂಬಿಕೊಂಡು.

ಮೊದಲು ಬೆಟ್ಟದ ಲೆಕ್ಕ ಹೇಳಿಬಿಡುತ್ತೇನೆ, ಬಯಲುಸೀಮೆಯವರಿಗೆ ಇದು ಹೊಸತು. ಉತ್ತರ ಕನ್ನಡದ ಘಟ್ಟದ ಮೇಲಿನ ತೋಟಿಗರಿಗೆ ತೋಟದ ಜೊತೆಗೆ ಸೊಪ್ಪಿನ ಬೆಟ್ಟವೂ ಇರುತ್ತದೆ. ಒಂದು ಎಕರೆ ಅಡಿಕೆ ತೋಟಕ್ಕೆ ಗರಿಷ್ಠ 9 ಎಕರೆ. ಭೂಮಿ ಸರ್ಕಾರದ್ದು, ಸೊಪ್ಪು, ದರಕು ತೋಟಿಗನದ್ದು. ಮಾರುವಂತಿಲ್ಲ, ಉತ್ತು ಬಿತ್ತುವಂತಿಲ್ಲ, ಮರ ಉರುಳಿಸುವಂತಿಲ್ಲ. ಕಾಡು ತೋಟವನ್ನು ಸಾಕಬೇಕು ಎಂಬ ಈ ರೂಢಿ ಕಾಗದಕ್ಕಿಂತ ಹಳೆಯದು. ಕಾಗದದ ಚರಿತ್ರೆಯನ್ನೂ ಒಂದೇ ಉಸಿರಿನಲ್ಲಿ ಮುಗಿಸುತ್ತೇನೆ: ಸೋದೆ ಅರಸರ ಕಾಲದಲ್ಲೇ ಇದು ಅಡಿಕೆ, ಮೆಣಸಿನ ಸೀಮೆ, 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು, 1878ರ ಅರಣ್ಯ ಕಾಯಿದೆಯ ನಂತರ ಕಾಡಿಗೆ ಗಡಿಕಲ್ಲು ಬಿತ್ತು, ರೈತರ ತಕರಾರು ಎದ್ದಿತು, 1920ರ ದಶಕದ ಆರಂಭದಲ್ಲಿ ಕಾಲಿನ್ಸ್ ಎಂಬ ಅಧಿಕಾರಿ ಇಲ್ಲಿನ ಕಾಡಿನ ಸವಲತ್ತುಗಳ ಕುರಿತು ವರದಿ ಬರೆದ, 1983ರ ಸೆಪ್ಟೆಂಬರಿನಲ್ಲಿ ಇದೇ ಸಾಲ್ಕಣಿ ಬಳಿಯ ಕಾಡಿನಲ್ಲಿ ಮರ ಕಡಿಯಲು ಬಂದವರೆದುರು ಜನ ಮರಗಳನ್ನು ತಬ್ಬಿ ನಿಂತರು. ಅದೇ ಅಪ್ಪಿಕೋ ಚಳವಳಿ. ಇಷ್ಟನ್ನೂ ಶಿರಸಿಯಲ್ಲಿ ಕೈಗಿತ್ತ ಕರಪತ್ರವೊಂದರಲ್ಲಿ ಓದಿ, ಮಡಚಿ ಜೇಬಿಗೆ ಹಾಕಿಕೊಂಡಿದ್ದೆ.

ನಾನು ನೋಡಲು ಹೋಗಿದ್ದ ಬೆಟ್ಟದ ಯಜಮಾನರು ಐವತ್ತು ದಾಟಿದವರು. ಊರಿನ ಹೆಸರಾಗಲಿ ತಮ್ಮ ಹೆಸರಾಗಲಿ ಬರೆಯಬಾರದು ಎಂದರು. ಪಕ್ಕದ ಮನೆಯವರ ಜೊತೆ ಬೆಟ್ಟದ ಗಡಿಯ ಜಗಳ ಇನ್ನೂ ಮುಗಿದಿಲ್ಲವಂತೆ. ಅವರು ಇಂಗುಗುಂಡಿ ತೋರಿಸಲು ಹೊರಟರು. ಹಿಂದೆಯೇ ಒಬ್ಬ ಅಜ್ಜ ಹೊರಟ. ಎಪ್ಪತ್ತರ ಮೇಲಿನ ವಯಸ್ಸು, ಕಡ್ಡಿಯಂಥ ಮೈ, ಸೊಂಟದ ಹಿಂದೆ ಮರದ ಕೊಕ್ಕೆ, ಕೊಕ್ಕೆಯಲ್ಲಿ ಕತ್ತಿ. ನಲವತ್ತೈದು ವರ್ಷ ಈ ಸೀಮೆಯ ಮನೆಗಳಿಗೆ ಸೊಪ್ಪು ಕಡಿದವನು. ಯಜಮಾನರು ಒಂದು ಮಾತು ಶುರುಮಾಡಿದರೆ ಅಜ್ಜ ಅದನ್ನು ಮುಗಿಸುತ್ತಿದ್ದ. ಕೊನೆಗೆ ಯಜಮಾನರೇ ಸುಮ್ಮನಾಗಿ ಎಲೆಯಡಿಕೆ ಹಾಕಿಕೊಂಡರು.

ಸೊಪ್ಪು ಕಡಿಯುವುದರಲ್ಲಿ ಕಲಿಯುವುದೇನಿದೆ ಎಂದು ನಾನು ಕೇಳಿದ್ದೇ ತಪ್ಪಾಯಿತು. ಅಜ್ಜ ನನ್ನನ್ನು ಒಂದು ನೇರಲೆಯ ಕೆಳಗೆ ನಿಲ್ಲಿಸಿ, ಕತ್ತಿಯ ಮೊನೆಯಿಂದ ತೋರಿಸುತ್ತ ಹೋದ. ಈ ಕೊಂಬೆ ಎರಡು ವರ್ಷದ್ದು, ಇದು ಹೋದ ವರ್ಷದ್ದು, ಇದಕ್ಕೆ ಈಗ ಕತ್ತಿ ಮುಟ್ಟಿಸಬಾರದು. ಕೊಂಬೆಯನ್ನು ಕಾಂಡದ ಮೈಗೆ ತಾಗಿಸಿ ಕಡಿದರೆ ಗಾಯಕ್ಕೆ ನೀರು ಕೂತು ಮರ ಒಳಗಿಂದ ಕುಂಬಾಗುತ್ತದೆ. ಒಂದು ಗೇಣು ಬಿಡಬೇಕು. ಮೊದಲು ಅಡಿಯಿಂದ ಒಂದು ಏಟು, ಆಮೇಲೆ ಮೇಲಿನಿಂದ. ಇಲ್ಲವಾದರೆ ಕೊಂಬೆ ಮುರಿಯುವಾಗ ಸಿಪ್ಪೆಯನ್ನೂ ಸೀಳಿಕೊಂಡು ಹೋಗುತ್ತದೆ. ಏಟು ಓರೆಯಾಗಿರಬೇಕು, ಮಳೆ ನೀರು ಜಾರಿ ಹೋಗುವಂತೆ. "ಎಲ್ಲದಕ್ಕಿಂತ ದೊಡ್ಡದು ಕೇಳಿ. ತುದಿ ಬಿಟ್ಟು ಕಡಿ ಅಂತಿದ್ದ ನಮ್ಮಪ್ಪ. ತುದಿ ಕಡಿದ್ರೆ ಮರಕ್ಕೆ ಮೇಲೆ ಹೋಗೂದು ಮರ್ತೋಗ್ತದೆ."

ತುದಿ ಬಿಟ್ಟು ಕಡಿದ ಮರಗಳನ್ನು ಆಮೇಲೆ ನಾನೂ ಗುರುತಿಸತೊಡಗಿದೆ. ಉದ್ದ ಕಾಂಡದ ಸುತ್ತ ಗಂಟುಗಂಟು, ಗಂಟಿಗೊಂದು ಚಿಗುರಿನ ಗೊಂಚಲು, ನೆತ್ತಿಯಲ್ಲಿ ಕೊಡೆ. ಒಂದು ವರ್ಷ ಬೆಟ್ಟದ ಈ ಮಗ್ಗುಲು, ಮರುವರ್ಷ ಆ ಮಗ್ಗುಲು, ಮೂರನೇ ವರ್ಷಕ್ಕೆ ಮತ್ತೆ ಇಲ್ಲಿಗೆ. ಬೇಸಿಗೆಯ ಕೊನೆಗೆ ಹಸಿ ಸೊಪ್ಪು ಕಡಿದು ತೋಟಕ್ಕೆ ಹೊದಿಸುತ್ತಿದ್ದರಂತೆ. ಜೂನ್ ಮಳೆಯ ದಪ್ಪ ಹನಿ ನೆಲಕ್ಕೆ ಬೀಳುವ ಮೊದಲು ಎಲೆಗೆ ಬೀಳಬೇಕು. ಬರಿ ಮಣ್ಣಿಗೆ ಹನಿ ಬಿದ್ದರೆ ಮಣ್ಣು ಎದ್ದು ಹಾರುತ್ತದೆ, ಕಾಲುವೆಗೆ ಇಳಿಯುತ್ತದೆ, ತೋಟದ ಕೆಳಗಿನ ಹಳ್ಳ ಕೆಂಪಾಗುತ್ತದೆ. ಈ ಸೀಮೆಯಲ್ಲಿ ವರ್ಷದ ಮಳೆ 2,000 ಮಿ.ಮೀ. ದಾಟುತ್ತದೆ. ಅಂದರೆ ಒಂದು ಎಕರೆಯ ಮೇಲೆ 80 ಲಕ್ಷ ಲೀಟರಿಗೂ ಹೆಚ್ಚು ನೀರು, ಅದರಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. ಎಲೆ ಹೊದ್ದ ನೆಲಕ್ಕೆ ಮಾತ್ರ ಅದನ್ನು ತಡೆದುಕೊಳ್ಳುವ ತ್ರಾಣ.

ಈಗ ಅಜ್ಜನನ್ನು ಸೊಪ್ಪಿಗೆ ಕರೆಯುವವರು ಎರಡೋ ಮೂರೋ ಮನೆಯವರು. ಅಡಿಕೆ ಕೊನೆ ಇಳಿಸಲು ಕೊನೆಗೌಡ ಸಿಗುವುದೇ ಕಷ್ಟವಾಗಿರುವಾಗ ಸೊಪ್ಪಿಗೆ ಯಾರು ಮರ ಹತ್ತುತ್ತಾರೆ? ದೋಟಿ ಬಂತು, ಅದರಲ್ಲಿ ನೆಲದ ಮೇಲೆ ನಿಂತೇ ಅಡಿಕೆ ಇಳಿಸಬಹುದು. ಸೊಪ್ಪಿಗೆ ದೋಟಿ ಇಲ್ಲ. ಅಜ್ಜನ ಮಗ ಹುಬ್ಬಳ್ಳಿಯಲ್ಲಿ ಲಾರಿ ಓಡಿಸುತ್ತಾನೆ. ಮೊಮ್ಮಗನಿಗೆ ಕತ್ತಿ ಹಿಡಿಯಲು ಹೇಳಿಕೊಡಬೇಕೆಂದು ಅಜ್ಜನಿಗೆ ಆಸೆ, ಸೊಸೆಗೆ ಭಯ. "ಅವಳು ಹೇಳೂದೂ ಸರಿಯೇ. ನಾ ಎರಡು ಸಲ ಬಿದ್ದೆ," ಎಂದು ಎಡ ಮೊಣಕೈ ತೋರಿಸಿದ. ಅದು ಪೂರ್ತಿ ನೆಟ್ಟಗಾಗುವುದಿಲ್ಲ.

ಸೊಪ್ಪು ಬೇಡವಾದ ಮನೆಗೆ ಗೊಬ್ಬರದ ಚೀಲ ಬರುತ್ತದೆ. ಅದನ್ನೇನೂ ನಾನು ಬೈಯಲಾರೆ. ಕೊಟ್ಟಿಗೆಯಲ್ಲಿ ಹತ್ತು ದನ ಇದ್ದ ಮನೆಯಲ್ಲಿ ಈಗ ಒಂದೋ ಎರಡೋ, ದುಡಿಯುವ ಕೈಗಳೂ ಅಷ್ಟೇ. ಆದರೆ ಒಂದು ತಮಾಷೆ ಗಮನಿಸಿದೆ. ಸೊಪ್ಪು ತರುವುದು ನಿಂತ ಬೆಟ್ಟ ಚೆನ್ನಾಗಿ ಬೆಳೆದು ಕಾಡಾಗಬೇಕಿತ್ತಲ್ಲ? ಕೆಲವು ಕಡೆ ಹಾಗೂ ಆಗಿದೆ. ದಾರಿಯಲ್ಲಿ ಕಂಡ ಎರಡು ಬೆಟ್ಟಗಳಲ್ಲಿ ಮಾತ್ರ ಬೇಲಿ ಮುರಿದು ಬಿದ್ದಿತ್ತು, ನೆಲದಲ್ಲಿ ಬೆಂಕಿ ಓಡಿದ ಕಪ್ಪು, ಬುಡದಲ್ಲಿ ಯಾರೋ ಕೆಮ್ಮಣ್ಣು ತೆಗೆದ ಹೊಂಡ. ವರ್ಷಕ್ಕೆ ನೂರು ಸಲ ಕಾಲಿಡುತ್ತಿದ್ದ ಯಜಮಾನ ಈಗ ವರ್ಷಕ್ಕೊಮ್ಮೆಯೂ ಬರುವುದಿಲ್ಲ. ಬೆಂಕಿ ಬಿದ್ದರೆ ನೋಡುವ ಕಣ್ಣೇ ಅಲ್ಲಿಲ್ಲ.

ನಮ್ಮ ಯಜಮಾನರ ಬೆಟ್ಟದ ಕಥೆ ಬೇರೆಯಾದದ್ದು ಭಕ್ತಿಯಿಂದಲ್ಲ, ಪೆಟ್ಟು ತಿಂದು. ಹತ್ತು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ತೋಟದ ತಲೆಯ ಒರತೆ ಮಾರ್ಚಿಗೇ ಬತ್ತಿತು. ಬೋರು ಕೊರೆಸಿದರು, ಧೂಳು ಬಂತು. ಆ ವರ್ಷ ಬೆಟ್ಟಕ್ಕೆ ನಡೆದು ನೋಡಿದಾಗ ನೆಲ ಅಂಗಳದ ಹಾಗೆ ಗುಡಿಸಿತ್ತು. ಆಳುಗಳು ಒಂದೆಲೆ ಬಿಡದೆ ದರಕು ಒಟ್ಟಿದ್ದರು, ಊರ ದನ ಚಿಗುರು ತಿಂದಿತ್ತು. ಮರ ಇತ್ತು, ಕೆಳಗೆ ಬರೀ ಚರಳುಕಲ್ಲು. ದಿನಕ್ಕೊಂದು ಗಂಟೆ ಮೇಲೆ ಹೋಗಿ ಬರುವ ಪದ್ಧತಿ ಶುರುವಾದದ್ದು ಅಂದಿನಿಂದ.

ಮಾಡಿದ ಕೆಲಸಗಳಲ್ಲಿ ನೋಡಲು ದೊಡ್ಡದು ಯಾವುದೂ ಇಲ್ಲ. ಮೊದಲು ಸುತ್ತ ಅಗಳ ತೋಡಿ, ಅಗಳದ ಮಣ್ಣಿನ ದಿಬ್ಬದ ಮೇಲೆ ಗಿಡ ನೆಟ್ಟು ಬೇಲಿ ಮಾಡಿದರು. ಬೆಟ್ಟವನ್ನು ಎರಡು ಪಾಲು ಮಾಡಿ ಒಂದು ವರ್ಷ ಒಂದರಲ್ಲೇ ದರಕು ಗುಡಿಸುವುದು, ಇನ್ನೊಂದು ಹಾಗೇ ಕೊಳೆಯಲಿ. ಗುಡಿಸದ ಪಾಲಿನಲ್ಲಿ ನಾನು ನಡೆದಾಗ ಕಾಲು ಹಾಸಿಗೆಯ ಮೇಲೆ ಇಟ್ಟಂತೆ ಕುಸಿಯಿತು. ಎಲೆಯ ಪದರ ಎತ್ತಿದರೆ ಕೆಳಗಿನದು ಕಪ್ಪು, ಬಿಳಿ ಬೂಸ್ಟಿನ ಎಳೆ, ಒಂದು ಶತಪದಿ. ಫೆಬ್ರವರಿ ಕೊನೆಯಲ್ಲೂ ಬೆರಳಿಗೆ ತಂಪು ತಾಗಿತು. ಮಳೆಗಾಲದಲ್ಲಿ ನೀರು ಕೊರೆದ ಕೊರಕಲುಗಳಿಗೆ ಅಲ್ಲಲ್ಲೇ ಸಿಕ್ಕ ಕಲ್ಲು ಪೇರಿಸಿ ಮೊಣಕಾಲೆತ್ತರದ ತಡೆ ಹಾಕಿದ್ದಾರೆ. ಸಿಮೆಂಟ್ ಇಲ್ಲ. ಕೆಲಸ ನೆತ್ತಿಯಿಂದ ಶುರು ಮಾಡಬೇಕಂತೆ. ಕೆಳಗಿಂದ ಶುರು ಮಾಡಿದವರದ್ದು ಮೊದಲ ಮಳೆಗೇ ಕೊಚ್ಚಿ ಹೋಯಿತಂತೆ. ಇದನ್ನು ಹೇಳುವಾಗ ಅವರು ಬೇಲಿಯಾಚೆಗೆ ಒಂದು ನೋಟ ಬೀರಿದರು, ಗಡಿ ಜಗಳದ ಕಡೆಗೆ.

ಇಂಗುಗುಂಡಿಗಳು ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಒಮ್ಮೆ ತುಂಬಿದರೆ 680 ಲೀಟರ್ ನೀರು. ಒಂದರ ನೇರಕ್ಕೆ ಇನ್ನೊಂದಿಲ್ಲ, ಹೆಂಚು ಹೊದಿಸಿದ ಹಾಗೆ ಸಂದಿಗೊಂದು. ನಾನು ಕಡಿದಾದ ಮೇಲ್ಭಾಗ ತೋರಿಸಿ, ಅಲ್ಲೇಕೆ ಒಂದೂ ಇಲ್ಲ ಎಂದೆ. "ಕಳಚೆ ನೆನಪಿಲ್ಲವಾ?" ಎಂದರು. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳೇ ಜಾರಿ ಹೋದವು. ಅದಕ್ಕೆ ಇಂಗುಗುಂಡಿ ಕಾರಣ ಎಂದು ಅವರು ಹೇಳಲಿಲ್ಲ. ಆದರೆ ಕಡಿದಾದ ಗುಡ್ಡದ ಹೊಟ್ಟೆಗೆ ಮತ್ತಷ್ಟು ನೀರು ಕುಡಿಸುವ ಧೈರ್ಯ ಅವರಿಗಿಲ್ಲ. ಅಲ್ಲಿ ಮರ ಮತ್ತು ದರಕು ಸಾಕು. ನೀರಿಂಗಿಸುವುದೆಂದರೆ ಎಲ್ಲೆಂದರಲ್ಲಿ ಗುಂಡಿ ತೋಡುವುದು ಎಂದು ನಂಬಿದ್ದ ನನಗೆ ಆ ದಿನದ ಲಾಭ ಇದೇ.

ಒರತೆಯನ್ನು ಕೊನೆಗೆ ತೋರಿಸಿದರು. ಹೆಬ್ಬೆರಳು ಗಾತ್ರದ ನೀರು, ಅಡಿಕೆ ದಬ್ಬೆಯ ತುದಿಯಿಂದ ಕಲ್ಲಿನ ಬಾನಿಗೆ ಬೀಳುತ್ತಿತ್ತು. ನಾನು ಇನ್ನೂ ಜೋರಾದದ್ದನ್ನು ನಿರೀಕ್ಷಿಸಿದ್ದೆ. ಮುಖದಲ್ಲಿ ಅದು ಕಂಡಿರಬೇಕು. "ಇಷ್ಟೇ. ಆದ್ರೆ ಏಪ್ರಿಲ್ ಕೊನೆವರೆಗೂ ಇಷ್ಟೇ," ಎಂದರು.

ಹುಲ್ಲಿನ ವಿಷಯಕ್ಕೆ ಬಂದಾಗ ಮಾತು ಬಿಸಿಯಾಯಿತು. ಬೆಟ್ಟದ ಪಕ್ಕದ ಬಯಲು ಹುಲ್ಲುಗಾವಲಿಗೆ ಬೇಣ ಎನ್ನುತ್ತಾರೆ. ಮಳೆಗಾಲ ಕಳೆದು ಎದೆಯೆತ್ತರ ಬೆಳೆದ ಕರಡ ಹುಲ್ಲು ಕೊಯ್ದು ಬಣವೆ ಒಟ್ಟಿದರೆ ಬೇಸಿಗೆಗೆ ದನಕ್ಕೆ ಮೇವು, ಉಳಿದದ್ದು ತೋಟಕ್ಕೆ ಮುಚ್ಚಿಗೆ. ಬೀಜ ಉದುರಿದ ಮೇಲೆಯೇ ಕೊಯ್ಯಬೇಕು, ಬುಡದಲ್ಲಿ ನಾಲ್ಕು ಬೆರಳು ಬಿಡಬೇಕು. ಊರಿನ ಅಂಥ ಎಷ್ಟೋ ಬೇಣಗಳಲ್ಲಿ ಈಗ ಅಕೇಶಿಯಾ ಸಾಲುಗಟ್ಟಿ ನಿಂತಿದೆ. ಹಸಿರೇನೋ ಹಸಿರೇ. ಆದರೆ ಅದರ ಚರ್ಮದಂಥ ಎಲೆಯ ಅಡಿಯಲ್ಲಿ ಕರಡ ಏಳುವುದಿಲ್ಲ, ಸೊಪ್ಪನ್ನು ದನ ಮೂಸುವುದಿಲ್ಲ. ಮಲೆನಾಡ ಗಿಡ್ಡ ತಳಿಯ ದನ ಕಟ್ಟಿ ಹಾಕಿ ಹಿಂಡಿ ಇಟ್ಟರೆ ಸಾಕುವ ಜಾತಿಯಲ್ಲ. ಗುಡ್ಡ ಹತ್ತಿ ಮೇಯ್ದು, ಸಂಜೆ ತಾನಾಗಿ ಮನೆಗೆ ಬರುವಂಥದ್ದು. ಬೇಣ ಹೋದರೆ ದನ ಹೋಯಿತು, ದನ ಹೋದರೆ ದರಕು ಯಾತಕ್ಕೆ? ಯಜಮಾನರ ಬಳಿ ಅಂಥ ನಾಲ್ಕು ದನ ಇವೆ. ಒಂದೊಂದರ ಹಾಲು ದಿನಕ್ಕೆ ಎರಡು ಲೀಟರೂ ಇಲ್ಲ. ಹಾಲಿಗಾಗಿ ಸಾಕಿದ್ದಲ್ಲ ಎಂದು ಅವರು ಎರಡು ಸಲ ಹೇಳಿದರು, ಮನೆಯವರಿಗೂ ಕೇಳಿಸಲಿ ಎಂಬಂತೆ.

ಇನ್ನೊಂದು ದೂರು ಪಹಣಿಯದ್ದು. ಬೆಟ್ಟಭೂಮಿಯನ್ನು ದಾಖಲೆಯಲ್ಲಿ 'ಬ' ಖರಾಬು ಎಂದು ಸೇರಿಸಿದ್ದರ ವಿರುದ್ಧ ಈ ಭಾಗದ ತೋಟಿಗರು ಬಹಳ ದಿನಗಳಿಂದ ಕೂಗುತ್ತಿದ್ದಾರೆ. ಖರಾಬು ಎಂಬ ಮಾತೇ ಅವರಿಗೆ ಮುಳ್ಳು. ಅಜ್ಜ ಮುತ್ತಜ್ಜರ ಕಾಲದಿಂದ ಕಾದ ನೆಲ ಕಾಗದದಲ್ಲಿ ಕೆಟ್ಟ ನೆಲವಾದರೆ ಮಕ್ಕಳು ಯಾಕೆ ಕಾಯಬೇಕು ಎಂಬ ಅವರ ಪ್ರಶ್ನೆಯಲ್ಲಿ ಹುರುಳಿದೆ. ಬೆಟ್ಟ ಬೋಳಿಸಿ ತೋಟ ವಿಸ್ತರಿಸಿದವರೂ ಇದೇ ಸೀಮೆಯಲ್ಲಿದ್ದಾರೆ, ಮನೆಗೆ ಬರುವ ದಾರಿಯಲ್ಲೇ ಅಂಥ ಒಂದು ಹೊಸ ತೋಟ ಕಂಡೆ. ಅದರ ಮಾತೆತ್ತಿದಾಗ ಯಜಮಾನರು ಎಲೆಯಡಿಕೆ ಉಗಿಯಲು ಎದ್ದರು.

ಊಟಕ್ಕೆ ಮುರುಗಲು ಹಣ್ಣಿನ ಸಾರು ಇತ್ತು. ಹಣ್ಣು ಬೆಟ್ಟದ್ದೇ, ಹೋದ ಬೇಸಿಗೆಯಲ್ಲಿ ಒಣಗಿಸಿಟ್ಟ ಸಿಪ್ಪೆ. ಸಂಜೆ ಬಸ್ಸಿಗೆ ಇನ್ನೂ ಒಂದು ಗಂಟೆ ಇರುವಾಗ ಅಜ್ಜ ಮತ್ತೆ ನೇರಲೆಯ ಕಡೆ ಕರೆದ. ನನಗೆ ತೋರಿಸಲು ಒಂದು ಕೊಂಬೆ ಕಡಿಯುತ್ತಾನಂತೆ. ಬೇಡ ಎಂದು ಯಜಮಾನರು ಗದರಿದರು, ನಾನೂ ಬೇಡವೆಂದೆ. ಅವನು ಪಂಚೆ ಎತ್ತಿ ಕಟ್ಟಿ, ನೆಟ್ಟಗಾಗದ ಮೊಣಕೈಯನ್ನು ಕಾಂಡಕ್ಕೆ ಸುತ್ತಿ, ನೋಡನೋಡುತ್ತ ಎರಡಾಳೆತ್ತರ ಏರಿದ. ಅಡಿಯಿಂದ ಒಂದು ಏಟು, ಮೇಲಿನಿಂದ ಎರಡು. ಕೊಂಬೆ ತಿರುಗುತ್ತ ಬಂದು ಬಿದ್ದಿತು. ಸದ್ದಿಗೆ ಕೊಟ್ಟಿಗೆಯ ಕಡೆ ಹೊರಟಿದ್ದ ಗಿಡ್ಡ ದನವೊಂದು ನಿಂತು ನೋಡಿತು, ಆಮೇಲೆ ಬಂದು ಎಲೆಗೆ ಬಾಯಿ ಹಾಕಿತು. ಅಜ್ಜ ಇನ್ನೂ ಮರದ ಮೇಲೇ ಇದ್ದ. ಇಳಿಯುವುದನ್ನು ಮರೆತು, ಅಲ್ಲಿಂದಲೇ ಯಾವುದೋ ಮನೆಯ ಬೆಟ್ಟದ ಮರಗಳನ್ನು ಯಾರು ತುದಿ ಕಡಿದು ಹಾಳು ಮಾಡಿದರು ಎಂದು ಹೆಸರು ಹಿಡಿದು ಹೇಳುತ್ತಿದ್ದ.